ಮದ್ಯಪಾನ ಮತ್ತು ಜನಾಂಗ ಸ್ವಭಾವ: ಫ್ರಾನ್ಸ್–ಬ್ರಿಟನ್‌ಗಳ ಒಂದು ತುಲನೆ

ಫ್ರೆಂಚರು ಊಟದೊಡನೆ ಮಿತವಾಗಿ ವೈನ್ ಸೇವಿಸುವವರು, ಆಂಗ್ಲರು ಅಮಲೇರುವವರೆಗೆ ಕುಡಿಯುವವರು ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಕುಡಿತವನ್ನು ಜನಾಂಗದ ಸಹಜ ಸ್ವಭಾವವೆಂದು ಬಗೆಯುವ ಈ ನಿಲುವು ಅಂಕಿ-ಅಂಶಗಳ ಎದುರು ನಿಲ್ಲುವಂಥದಲ್ಲ. 1961ರ ಸುಮಾರಿಗೆ ಫ್ರಾನ್ಸಿನಲ್ಲಿ ಹದಿನೈದು ವರ್ಷ ಮೀರಿದವರ ತಲಾ ವಾರ್ಷಿಕ ಬಳಕೆ, ಶುದ್ಧ ಮದ್ಯಸಾರದ ಲೆಕ್ಕದಲ್ಲಿ, 25 ಲೀಟರಿನಷ್ಟಿತ್ತು; ಬ್ರಿಟನ್ನಿನಲ್ಲಿ ಅದು 6-7 ಲೀಟರಿನ ಆಸುಪಾಸಿನಲ್ಲಿತ್ತು. ಮಿತಪಾನಿಗಳೆನಿಸಿಕೊಂಡವರೇ ಮೂರು ಪಟ್ಟಿಗೂ ಮಿಗಿಲಾಗಿ ಕುಡಿಯುತ್ತಿದ್ದರು. ಬೀದಿಯಲ್ಲಿ ತೂರಾಡುವುದು ಕಡಿಮೆಯಿತ್ತು, ಅಷ್ಟೆ.

ಈ ಅಂತರದ ಒಂದು ಬೇರು ಮೊದಲನೆಯ ಮಹಾಯುದ್ಧದಲ್ಲಿದೆ. 1915ರಲ್ಲಿ ಎರಡೂ ಪ್ರಭುತ್ವಗಳು ಕುಡಿತಕ್ಕೆ ಕೈಹಾಕಿದವು, ಆದರೆ ಬೇರೆ ಬೇರೆ ಬಗೆಯಲ್ಲಿ. ಫ್ರಾನ್ಸ್ ಆಬ್ಸಿಂತ್ ಎಂಬ ಕಟು ಮದ್ಯವನ್ನು ನಿಷೇಧಿಸಿತು; ವೈನನ್ನು ಮಾತ್ರ ಆರೋಗ್ಯಕರ ಪಾನೀಯವೆಂದೇ ಎಣಿಸಿ, ಕಂದಕಗಳಲ್ಲಿದ್ದ ಸೈನಿಕರಿಗೆ ದಿನದ ಪಡಿಯಾಗಿ ಹಂಚಿತು. ಬ್ರಿಟನ್ ಪಾನಗೃಹಗಳ ವೇಳೆಯನ್ನು ಮೊಟಕುಗೊಳಿಸಿತು, ಸುಂಕವನ್ನು ಏರಿಸಿತು, ಬಿಯರಿನ ಸತ್ವವನ್ನು ತಗ್ಗಿಸಿತು. ಅನೇಕ ಕಡೆಗಳಲ್ಲಿ ಒಬ್ಬರು ಮತ್ತೊಬ್ಬರಿಗೆ ಕುಡಿಸುವುದೂ ಅಪರಾಧವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1913ರಲ್ಲಿ ಸುಮಾರು 1,89,000 ಇದ್ದ ಅಮಲಿನ ಅಪರಾಧದ ಶಿಕ್ಷೆಗಳು 1918ರ ವೇಳೆಗೆ 29,000ಕ್ಕೆ ಕುಸಿದವು. ಗಂಡಸರು ರಣರಂಗಕ್ಕೆ ಹೋಗಿದ್ದುದೂ ಇದಕ್ಕೊಂದು ಕಾರಣವೆಂಬುದನ್ನು ಮರೆಯಲಾಗದು. ಆದರೂ ಮಧ್ಯಾಹ್ನ ಪಾನಗೃಹಗಳನ್ನು ಮುಚ್ಚಿಸುವ ಆ ಯುದ್ಧಕಾಲದ ಕಟ್ಟಳೆ 1988ರವರೆಗೂ ಉಳಿದು ಬಂದಿತು.

ಫ್ರಾನ್ಸಿಗೆ ಪಾಠವಾದುದು ಎರಡನೆಯ ಮಹಾಯುದ್ಧ. ಜರ್ಮನ್ ಆಕ್ರಮಣದ ದಿನಗಳಲ್ಲಿ ವೈನಿಗೆ ಪಡಿತರ ಬಂದಾಗ, ಪ್ಯಾರಿಸ್ಸಿನಲ್ಲಿ ಯಕೃತ್ತಿನ ಸಿರೋಸಿಸ್‌ನಿಂದಾಗುತ್ತಿದ್ದ ಸಾವುಗಳು ಸುಮಾರು ಐದರಲ್ಲಿ ನಾಲ್ಕು ಪಾಲಿನಷ್ಟು ಇಳಿದವು. ಪಡಿತರ ತೊಲಗಿದೊಡನೆ ಮತ್ತೆ ಏರಿದವು. ಕುಡಿಯುವವರು ಅದೇ ಜನ, ಅದೇ ಊರು. ಬದಲಾದದ್ದು ದೊರೆಯುತ್ತಿದ್ದ ವೈನಿನ ಪ್ರಮಾಣ. 1954ರಲ್ಲಿ ಪ್ರಧಾನಿಯಾದ ಪಿಯೆರ್ ಮೆಂಡೆಸ್-ಫ್ರಾನ್ಸ್ ಸಾರ್ವಜನಿಕವಾಗಿ ಹಾಲು ಕುಡಿದು ನಗೆಪಾಟಲಾದರು. ಆದರೆ ಎರಡೇ ವರ್ಷಗಳಲ್ಲಿ, 1956ರಲ್ಲಿ, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದಲ್ಲಿ ವೈನ್ ಕೊಡುವುದು ನಿಂತಿತು. ಅಲ್ಲಿಯವರೆಗೆ ಕೊಡಲಾಗುತ್ತಿತ್ತೆಂಬುದೇ ಇಂದಿನ ಓದುಗರಿಗೆ ಅಚ್ಚರಿ ತರಬಲ್ಲದು. 1991ರ ಎವಾಂ ಕಾಯಿದೆ ದೂರದರ್ಶನ ಮತ್ತು ಚಲನಚಿತ್ರ ಮಂದಿರಗಳಲ್ಲಿ ಮದ್ಯದ ಜಾಹೀರಾತನ್ನು ನಿಲ್ಲಿಸಿತು. ನಗರೀಕರಣದಿಂದ ದಿನನಿತ್ಯದ ಅಗ್ಗದ ವೈನ್ ಮೇಜಿನಿಂದ ಮರೆಯಾದದ್ದೂ ಸೇರಿ, ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು.

ಅದೇ ಕಾಲದಲ್ಲಿ ಬ್ರಿಟನ್ ಎದುರು ದಿಕ್ಕಿನಲ್ಲಿ ಸಾಗಿತು. ಸೂಪರ್ ಮಾರ್ಕೆಟ್ಟುಗಳಲ್ಲಿ ಮದ್ಯ ಸುಲಭವಾಗಿ ಸಿಗತೊಡಗಿತು, ವರಮಾನಕ್ಕೆ ಹೋಲಿಸಿದರೆ ಅದರ ಬೆಲೆ ತಗ್ಗಿತು. 2004ರ ವೇಳೆಗೆ ತಲಾ ಬಳಕೆ 11 ಲೀಟರನ್ನು ಮೀರಿತು. ಸ್ಕಾಟ್ಲೆಂಡಿನ ಪುರುಷರಲ್ಲಿ ಸಿರೋಸಿಸ್ ಸಾವಿನ ಪ್ರಮಾಣ 1980ರ ದಶಕದ ಕೊನೆಯಿಂದ ಹತ್ತೇ ವರ್ಷಗಳಲ್ಲಿ ಇಮ್ಮಡಿಯಾಯಿತು. ಆಮೇಲೆ ಬ್ರಿಟನ್ನಿನ ಬಳಕೆಯೂ ಇಳಿಮುಖವಾಗಿ, ಇಂದು ಎರಡು ದೇಶಗಳ ನಡುವಣ ಅಂತರ ಒಂದೆರಡು ಲೀಟರುಗಳಷ್ಟು ಮಾತ್ರ.

ಈ ಲೆಕ್ಕಗಳು ಮುಖ್ಯವಾಗಿ ಮಾರಾಟವನ್ನು ಆಧರಿಸಿದವು ಎಂಬ ಎಚ್ಚರವೂ ಅಗತ್ಯ. 1993ರಲ್ಲಿ ಯುರೋಪಿನ ಏಕ ಮಾರುಕಟ್ಟೆ ತೆರೆದ ಬಳಿಕ, ಸುಂಕ ಕಡಿಮೆಯಿದ್ದ ಕ್ಯಾಲೆ ಬಂದರಿಗೆ ಆಂಗ್ಲರು ವ್ಯಾನುಗಳಲ್ಲಿ ಬಂದು ಪೆಟ್ಟಿಗೆಗಟ್ಟಲೆ ವೈನ್, ಬಿಯರ್ ಒಯ್ಯುತ್ತಿದ್ದರು. ಕುಡಿದದ್ದು ಕೆಂಟಿನಲ್ಲಿ, ಮಾರಾಟದ ಲೆಕ್ಕಕ್ಕೆ ಸೇರಿದ್ದು ಫ್ರಾನ್ಸಿನಲ್ಲಿ.