ಕಪ್ಪು ಗಾಜು, ಕಾಣದ ಬಿಸಿ

“ಕಪ್ಪಗಿದ್ದಷ್ಟೂ ತಂಪು ಸಾರ್!” ಮಾರ್ಚ್ ಬಂತು ಅಂದ್ರೆ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ನಾನು ತಪ್ಪದೆ ಕೇಳುವ ಮಾತಿದು. ಕೇಳೋಕೆ ಸರಿ ಅನ್ನಿಸುತ್ತೆ ಕೂಡ. ಕತ್ತಲಿದ್ದಲ್ಲಿ ತಂಪಿರುತ್ತೆ ಅಂತ ಹಳೇ ಮನೆಗಳ ನಡುಮನೆಯೇ ನಮಗೆ ಕಲಿಸಿದೆಯಲ್ಲ! ಆದರೆ ಈ ನಂಬಿಕೆ ಅರ್ಧ ಮಾತ್ರ ನಿಜ ಅನ್ನೋದು ಇನ್ನೂರು ವರ್ಷಗಳ ಹಿಂದೆಯೇ ಗೊತ್ತಾಗಿತ್ತು. ಆಗಿನ್ನೂ ಕಾರೇ ಹುಟ್ಟಿರಲಿಲ್ಲ.

ಮೊದಲು ಒಂದು ಪೆಟ್ಟಿಗೆಯ ಕಥೆ. ಗಾಜು ಬಿಸಿಲನ್ನು ಹೇಗೆ ಹಿಡಿದಿಡುತ್ತೆ ಅಂತ ನೋಡಲು ಜಿನೀವಾದ ವಿಜ್ಞಾನಿ ದ ಸೊಸ್ಯೂರ್ 1767ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಬಿಸಿಲಿಗೆ ಒಡ್ಡಿದ. ಆಮೇಲೆ ಮಾಡಿದ ಇನ್ನೊಂದು ಪೆಟ್ಟಿಗೆಗೆ ಒಳಗೆಲ್ಲ ಕಪ್ಪು, ಮೇಲೆ ಮೂರು ಪದರ ಗಾಜು. ಅದರೊಳಗಿನ ಬಿಸಿ 109 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಒಲೆಯಿಲ್ಲದೆ ನೀರು ಕುದಿಯುವಷ್ಟು! ಆ ಪೆಟ್ಟಿಗೆಯನ್ನು ಅವನು ಆಲ್ಪ್ಸ್ ಬೆಟ್ಟಕ್ಕೂ ಹೊತ್ತೊಯ್ದ. ಮೇಲಿನ ಗಾಳಿ ಎಷ್ಟೋ ತಣ್ಣಗಿತ್ತು. ಪೆಟ್ಟಿಗೆಯ ಒಳಗೆ ಮಾತ್ರ ಹೆಚ್ಚುಕಡಿಮೆ ಕೆಳಗಿದ್ದಷ್ಟೇ ಬಿಸಿ.

ನಾವು ಇಎಂಐ ಕಟ್ಟಿ ಕೊಳ್ಳುವ ಕಾರು ಕೂಡ ನಿಲ್ಲಿಸಿದಾಗ ಇದೇ ಪೆಟ್ಟಿಗೆ. “ಬೆಂಗಳೂರಲ್ಲಿ ಅಂಥಾ ಬಿಸಿಲೇನಿಲ್ಲ ಬಿಡಿ” ಅನ್ನುವವರು 2005ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವೈದ್ಯರ ಅಧ್ಯಯನವನ್ನು ನೋಡಬೇಕು. ಹೊರಗೆ ಹಿತವಾದ 22 ಡಿಗ್ರಿ ಇದ್ದಾಗಲೂ ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಆಗಬಲ್ಲದು. ಈ ಏರಿಕೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತೆ. ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟರೂ ದೊಡ್ಡ ಉಪಯೋಗವಿಲ್ಲ.

ಹಾಗಾದರೆ ಗಾಜನ್ನು ಕಪ್ಪು ಮಾಡಿದರೆ? ಇದಕ್ಕೆ ಉತ್ತರ ಸಿಕ್ಕಿದ್ದು ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷಲ್‌ಗೆ. ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಅವನು ಬಣ್ಣಬಣ್ಣದ ಕಪ್ಪು ಗಾಜುಗಳನ್ನು ಬಳಸುತ್ತಿದ್ದ. ಕೆಲವು ಗಾಜುಗಳಲ್ಲಿ ಬೆಳಕು ಬಹಳ ಕಡಿಮೆ, ಆದರೂ ಕಣ್ಣಿಗೆ ಬಿಸಿ ತಾಗುತ್ತಿತ್ತು. ಇನ್ನು ಕೆಲವುಗಳಲ್ಲಿ ಬೆಳಕು ಜಾಸ್ತಿ, ಬಿಸಿ ಕಡಿಮೆ. ಇದೇನಿದು ಅಂತ 1800ರಲ್ಲಿ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಕ್ಕೆ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟ. ಅದು ಎಲ್ಲ ಬಣ್ಣಗಳಿಗಿಂತ ಹೆಚ್ಚು ಬಿಸಿ ತೋರಿಸಿತು. ಹೀಗೆ ಸಿಕ್ಕಿದ್ದೇ ಅವಕೆಂಪು, ಅಂದರೆ ಇನ್‌ಫ್ರಾರೆಡ್. ಭೂಮಿಗೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಇದೇ. ಕಪ್ಪು ಫಿಲ್ಮ್ ಬೆಳಕಿನ ಜೊತೆ ಬರುವ ಬಿಸಿಯನ್ನೇನೋ ಒಂದಷ್ಟು ತಡೆಯುತ್ತೆ. ಈ ಕಾಣದ ಅರ್ಧವನ್ನೂ ತಡೆಯುತ್ತೆ ಅಂತ ಅದರ ಬಣ್ಣ ನೋಡಿ ಹೇಳೋಕಾಗಲ್ಲ.

ನಮ್ಮ ದೇಶದಲ್ಲಿ ಸನ್ ಫಿಲ್ಮ್ ಜಗಳ ನಡೆದಿದ್ದು ಮಾತ್ರ ಕಾಣುವ ಬೆಳಕಿನ ಮೇಲೆ. 1989ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ, ಹಿಂದಿನ ಗಾಜುಗಳಲ್ಲಿ ಕನಿಷ್ಠ 70%, ಪಕ್ಕದ ಗಾಜುಗಳಲ್ಲಿ ಕನಿಷ್ಠ 50% ಬೆಳಕು ಹಾಯಬೇಕು. ಕಪ್ಪು ಗಾಜಿನ ಮರೆಯಲ್ಲಿ ಅಪರಾಧಗಳು, ಅದರಲ್ಲೂ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಗಳು ನಡೆಯುತ್ತಿವೆ ಎಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಆ ಬೇಸಿಗೆಯಲ್ಲಿ ಪೊಲೀಸರು ಸಿಗ್ನಲ್‌ಗಳಲ್ಲಿ ನಿಂತು ಫಿಲ್ಮ್ ಕೀಳಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮುಂದೆ ನಿಯಮಕ್ಕೆ ತಿದ್ದುಪಡಿ ಬಂತು. ಅದರಂತೆ ಇದೇ 70-50ರ ಮಿತಿಯೊಳಗಿನ, ಮಾನದಂಡಕ್ಕೆ ಒಪ್ಪುವ ಫಿಲ್ಮ್ ಹಾಕಬಹುದು ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು.

ನನಗೆ ಈ ಮಿತಿ ಸರಿ ಅನ್ನಿಸುತ್ತೆ. ರಸ್ತೆಯಲ್ಲಿ ಹೋಗುವ ಕಾರಿನೊಳಗೆ ಏನಾಗ್ತಿದೆ ಅಂತ ಕಾಣಬೇಕು. ಕಾರಿಗೆ ತಂಪು ಬೇಕು ಅಂದರೆ ಅದಕ್ಕೆ ಕತ್ತಲೆಯೇ ಬೇಕಾಗಿಲ್ಲ ಅಂತ ಹರ್ಷಲ್ ಆಗಲೇ ತೋರಿಸಿದ್ದಾನೆ. ತಿಳಿಯಾಗಿದ್ದೂ ಅವಕೆಂಪನ್ನು ತಡೆಯುವ ಫಿಲ್ಮ್‌ಗಳಿವೆ.

ಇನ್ನು ಬಿಸಿಲಿನ ಮತ್ತೊಂದು ತುದಿ, ನೇರಳಾತೀತ ಕಿರಣ. 1801ರಲ್ಲಿ ಪತ್ತೆಯಾದ ಇದು ಬಿಸಿ ಮಾಡುವುದಕ್ಕಿಂತ ಹಾಳು ಮಾಡುವುದೇ ಹೆಚ್ಚು. ಬಣ್ಣ ಮಂಕಾಗುವುದು, ಡ್ಯಾಶ್‌ಬೋರ್ಡ್ ಬಿರುಕು ಬಿಡುವುದರಲ್ಲಿ ಇದರ ಕೈವಾಡ ದೊಡ್ಡದು. ಮುಂದಿನ ಗಾಜಿನ ಎರಡು ಪದರಗಳ ನಡುವೆ ಇರುವ ಪ್ಲಾಸ್ಟಿಕ್ ಹಾಳೆ ಗಾಜು ಚೂರಾಗಿ ಚೆಲ್ಲದಿರಲಿ ಅಂತ ಹಾಕಿದ್ದು. ಅದೇ ಈ ಕಿರಣಗಳನ್ನೂ ಬಹುಪಾಲು ತಡೆಯುತ್ತೆ. ಆದರೆ ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರದ್ದು. 28 ವರ್ಷ ಟ್ರಕ್ ಓಡಿಸಿದ ಅಮೆರಿಕದ ಚಾಲಕರೊಬ್ಬರ ಚಿತ್ರ 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕಿಟಕಿ ಕಡೆಯ ಎಡಗೆನ್ನೆ ಮಾತ್ರ ಇಪ್ಪತ್ತು ವರ್ಷ ಹೆಚ್ಚು ಮುದಿಯಾದಂತೆ ಸುಕ್ಕುಗಟ್ಟಿತ್ತು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ದಿನವಿಡೀ ಓಡಿಸುವ ಕ್ಯಾಬ್ ಚಾಲಕರ ಬಲಗೈಯನ್ನು ಒಮ್ಮೆ ಗಮನಿಸಿ.

ನನಗೆ ಆಗಾಗ ಹಳೇ ಸರ್ಕಾರಿ ಅಂಬಾಸಿಡರ್ ನೆನಪಾಗುತ್ತೆ. ಬಿಳಿ ಬಣ್ಣ, ಕಿಟಕಿಗೆ ಪರದೆ, ರೆಕ್ಸಿನ್ ಸೀಟಿಗೆ ಬಿಳಿ ಟರ್ಕಿ ಟವೆಲ್. ಎಲ್ಲರೂ ಅದನ್ನು ಅಧಿಕಾರದ ಗತ್ತು ಅಂತಲೇ ನೋಡಿದರು. ಆದರೆ ಸುಣ್ಣ ಬಳಿದ ಗೋಡೆಯ ಬುದ್ಧಿವಂತಿಕೆಯೂ ಅದರಲ್ಲಿತ್ತು. 2011ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಕಾರು, ಬೆಳ್ಳಿ ಬಣ್ಣದ ಕಾರು ಎರಡನ್ನೂ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಅಳೆದರು. ಕಪ್ಪು ಕಾರಿನ ಮಾಡು 25 ಡಿಗ್ರಿಯವರೆಗೂ ಹೆಚ್ಚು ಬಿಸಿ. ಒಳಗಿನ ಗಾಳಿ 5ರಿಂದ 6 ಡಿಗ್ರಿ ಹೆಚ್ಚು.

ಹಾಗಾಗಿ ಫಿಲ್ಮ್ ಅಂಗಡಿಯಲ್ಲಿ “ಎಷ್ಟು ಕಪ್ಪು?” ಅಂತ ಕೇಳಬೇಡಿ. “ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ತಡೆಯುತ್ತೆ? ಬೆಳಕು ಎಷ್ಟು ಬಿಡುತ್ತೆ?” ಅಂತ ಕೇಳಿ, ಎರಡೂ ಅಂಕಿಗಳನ್ನು ಕಾಗದದಲ್ಲಿ ಪಡೆಯಿರಿ. ನೆರಳು ಸಿಗದಿದ್ದರೆ ನಿಲ್ಲಿಸಿದ ಕಾರಿನ ಮುಂದಿನ ಗಾಜಿಗೆ ಹೊಳಪಿನ ಸನ್‌ಶೇಡ್ ಹಿಡಿಸಿ. ಹತ್ತುವ ಮುಂಚೆ ನಾಲ್ಕೂ ಬಾಗಿಲು ತೆಗೆದು ಬಿಸಿಗಾಳಿ ಹೊರಹಾಕಿ, ಆಮೇಲೆ ಏಸಿ ಹಾಕಿ.

ಬಣ್ಣ ಮಂಕಾದರೆ ಮತ್ತೆ ಹೊಡೆಸಬಹುದು, ಡ್ಯಾಶ್‌ಬೋರ್ಡ್ ಬದಲಾಯಿಸಬಹುದು. ಆದರೆ “ಐದೇ ನಿಮಿಷ, ಬಂದ್ಬಿಡ್ತೀನಿ” ಅಂತ ನಿದ್ದೆ ಮಾಡ್ತಿರೋ ಮಗುವನ್ನು ಮಾತ್ರ ಆ ಪೆಟ್ಟಿಗೆಯಲ್ಲಿ ಬಿಟ್ಟು ಹೋಗಬೇಡಿ. ಹೊರಗೆ ಎಷ್ಟೇ ತಂಪಿರಲಿ, ಗಾಜು ಎಷ್ಟೇ ಕಪ್ಪಿರಲಿ.