ಅಂಗೈಗೆ ಬಂದ ಅಂಗಡಿ

ವ್ಯಾಪಾರದ ವೆಬ್‌ಸೈಟನ್ನು ಮೊಬೈಲಿಗೆ ಒಗ್ಗಿಸುವ ಕೆಲಸಕ್ಕೆ ಈಗ ಕಾಲು ಶತಮಾನದ ಚರಿತ್ರೆಯಿದೆ. ಅದರಲ್ಲಿ ಬಹುಪಾಲು ಕಳೆದದ್ದು ಪರದೆಯ ಅಳತೆಯ ಚಿಂತೆಯಲ್ಲೇ. ಗಿರಾಕಿಯ ನೆಟ್ ಎಷ್ಟು ಖರ್ಚಾಗುತ್ತದೆ, ಎಷ್ಟು ಹೊತ್ತು ಕಾಯಬೇಕು, ಒಂದು ಕೈಯಲ್ಲಿ ಬ್ಯಾಗು ಹಿಡಿದು ನಿಂತವರು ಇನ್ನೊಂದರಲ್ಲಿ ಆರ್ಡರು ಮುಗಿಸಬಲ್ಲರೇ ಎಂಬ ಪ್ರಶ್ನೆಗಳು ತಡವಾಗಿ ಬಂದವು. ತಮಾಷೆಯೆಂದರೆ, ಅವುಗಳಲ್ಲಿ ಕೆಲವಕ್ಕೆ ಜಪಾನಿನವರು ಆರಂಭದಲ್ಲೇ ಉತ್ತರ ಕಂಡುಕೊಂಡಿದ್ದರು.

1999ರ ಫೆಬ್ರವರಿಯಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿ ಅಲ್ಲಿ ಐ-ಮೋಡ್ ಎಂಬ ಮೊಬೈಲ್ ಇಂಟರ್ನೆಟ್ ಸೇವೆ ಶುರುಮಾಡಿತು. ಪುಟ ಬರೆಯಲು ಬಳಸಿದ್ದು ಎಚ್‌ಟಿಎಂಎಲ್‌ನದೇ ಕಿರಿದಾದ ರೂಪ. ವೆಬ್ ಬಲ್ಲವರಿಗೆ ಹೊಸದಾಗಿ ಕಲಿಯುವುದು ಕಡಿಮೆ. ಗಿರಾಕಿ ಎಷ್ಟು ಡೇಟಾ ತರಿಸಿಕೊಂಡರೋ ಅಷ್ಟಕ್ಕೆ ದುಡ್ಡು. ಅಧಿಕೃತ ಪಟ್ಟಿಯಲ್ಲಿದ್ದ ಸೈಟುಗಳ ಶುಲ್ಕವನ್ನು ಕಂಪನಿಯೇ ಫೋನ್ ಬಿಲ್ಲಿನಲ್ಲಿ ವಸೂಲು ಮಾಡಿ, ಶೇ. 9ರಷ್ಟು ಇಟ್ಟುಕೊಂಡು ಉಳಿದದ್ದನ್ನು ಸೈಟಿನವರಿಗೆ ಕೊಡುತ್ತಿತ್ತು. ಸುಮಾರು ಎರಡು ವರ್ಷಗಳಲ್ಲಿ ಚಂದಾದಾರರು 2 ಕೋಟಿ ಮುಟ್ಟಿದರು. ಮೊಬೈಲಿಗೆ ಇಂಟರ್ನೆಟ್ ತರಲು ಯುರೋಪು ಹಿಡಿದ ವ್ಯಾಪ್ ಎಂಬ ದಾರಿಯಲ್ಲಿ ಇದೆಲ್ಲ ತಿರುಗುಮುರುಗು. ಡಬ್ಲ್ಯೂಎಂಎಲ್ ಎಂಬ ಬೇರೆಯೇ ಭಾಷೆ ಕಲಿಯಬೇಕು. ನೋಕಿಯಾ 7110 ಫೋನು ಒಮ್ಮೆಗೆ ಸುಮಾರು 1,400 ಬೈಟ್‌ಗಿಂತ ಹೆಚ್ಚು ನುಂಗದು. ಕರೆ ಮಾಡಿದ ಹಾಗೆ ಕನೆಕ್ಷನ್ ಜೋಡಿಸಿಕೊಂಡರೆ, ಪುಟ ತೆರೆಯಲಿ ಬಿಡಲಿ, ನಿಮಿಷದ ಲೆಕ್ಕದಲ್ಲಿ ಹಣ ಓಡುತ್ತಿತ್ತು. ಬ್ಯಾಂಕುಗಳೂ ವಿಮಾನ ಕಂಪನಿಗಳೂ ಉತ್ಸಾಹದಿಂದ ವ್ಯಾಪ್ ಸೈಟು ತೆರೆದವು. ನಿರೀಕ್ಷಿಸಿದಷ್ಟು ಗಿರಾಕಿಗಳು ಬರಲಿಲ್ಲ.

ಮುಂದೆ 2006ರಲ್ಲಿ ಜಗತ್ತಿಗೆಲ್ಲ ಸಿಕ್ಕ ನಾರ್ವೆಯ ಒಪೆರಾ ಮಿನಿ ಬ್ರೌಸರು, ಪುಟವನ್ನು ತನ್ನ ಸರ್ವರಿನಲ್ಲೇ ಹಿಂಡಿ ಫೋನಿಗೆ ಕಳಿಸತೊಡಗಿತು. ಜಿಪಿಆರ್‌ಎಸ್ ಕಾಲದ ಭಾರತದಲ್ಲಿ ಕೀಪ್ಯಾಡ್ ಫೋನಿನವರಿಗೆ ಅದು ವರವಾಯಿತು. ಸೈಟಿನವರು ಮಾಡಬೇಕಿದ್ದ ಮಿತವ್ಯಯವನ್ನು ಬ್ರೌಸರು ಮಾಡಿತ್ತು, ಅಷ್ಟೆ.

2007ರ ಐಫೋನ್ ಉದ್ಯಮಗಳನ್ನು ಇನ್ನಷ್ಟು ಸೋಮಾರಿಯಾಗಿಸಿತು. ಎಲ್ಲ ಪುಟವೂ 980 ಪಿಕ್ಸೆಲ್ ಅಗಲವೆಂದು ಎಣಿಸಿ ಅದರ ಬ್ರೌಸರು ಸಫಾರಿ ಅದನ್ನು ಕುಗ್ಗಿಸಿ ತೋರಿಸುತ್ತಿತ್ತು; ಓದಬೇಕಾದರೆ ಎರಡು ಸಲ ತಟ್ಟಿ ಹಿಗ್ಗಿಸಿಕೊಳ್ಳಬೇಕು. ಅದು ಸಾಲದೆಂದವರು ‘ಎಂ ಡಾಟ್’ ಎಂದು ಶುರುವಾಗುವ ಪ್ರತ್ಯೇಕ ವಿಳಾಸ ತೆರೆದರು. ಒಂದೇ ವ್ಯಾಪಾರಕ್ಕೆ ಎರಡು ಸೈಟು. ದೊಡ್ಡದರಲ್ಲಿದ್ದ ಮಾಹಿತಿ ಚಿಕ್ಕದರಲ್ಲಿ ನಾಪತ್ತೆ. ಮಿಕ್ಸಿಯ ಪುಟದ ಕೊಂಡಿ ಒತ್ತಿದರೆ ಮೊಬೈಲ್ ಸೈಟಿನ ಮುಖಪುಟಕ್ಕೆ ತಂದು ನಿಲ್ಲಿಸುವ ಚಾಳಿ ಎಷ್ಟು ಹಬ್ಬಿತ್ತೆಂದರೆ, ಅಂಥ ಸೈಟುಗಳನ್ನು ಹುಡುಕಾಟದಲ್ಲಿ ಕೆಳಗಿಳಿಸುವುದಾಗಿ ಗೂಗಲ್ 2013ರಲ್ಲಿ ಹೇಳಬೇಕಾಯಿತು.

ಈ ಇಬ್ಬಂದಿಯಿಂದ ಬಿಡಿಸಿದ್ದು ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ 2010ರ ಮೇ ತಿಂಗಳಲ್ಲಿ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಗೆ ಬರೆದ ಲೇಖನ. ಶೇಕಡಾವಾರು ಅಗಲದ ಚೌಕಟ್ಟು, ಅದರೊಡನೆ ಹಿಗ್ಗಿ ಕುಗ್ಗುವ ಚಿತ್ರಗಳು, ಪರದೆಯ ಅಗಲ ನೋಡಿ ಜೋಡಣೆ ಬದಲಿಸುವ ಸಿಎಸ್‌ಎಸ್ ನಿಯಮ: ಈ ಮೂರನ್ನು ಸೇರಿಸಿದರೆ ಒಂದೇ ಸೈಟು ಎಲ್ಲ ಪರದೆಗೂ ಸಾಲುತ್ತದೆ ಎಂದು ಅವರು ತೋರಿಸಿದರು. ಮರುವರ್ಷ ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಸೈಟು ಹಾಗೆಯೇ ಸಿದ್ಧವಾಯಿತು. ಆದರೆ ಅನುಸರಿಸಿದವರು ಹಲವರು ದೊಡ್ಡ ಪರದೆಯ ಸರಕನ್ನೆಲ್ಲ ಫೋನಿಗೆ ಇಳಿಸಿ, ಬೇಡದ್ದನ್ನು ಮರೆಮಾಡಿ ಸುಮ್ಮನಾದರು. ಕಣ್ಣಿಗೆ ಕಾಣದ ಚಿತ್ರಕ್ಕೂ ಗಿರಾಕಿಯ ಡೇಟಾ ಕರಗುತ್ತಿತ್ತು. ಮೊದಲು ಮೊಬೈಲಿಗೆ ಬೇಕಾದ್ದಷ್ಟನ್ನೇ ಆರಿಸಿ, ಆಮೇಲೆ ದೊಡ್ಡ ಪರದೆಗೆ ಬೆಳೆಸಿ ಎಂದು ವಿನ್ಯಾಸಕಾರ ಲ್ಯೂಕ್ ರೊಬ್ಲೆವ್‌ಸ್ಕಿ 2009ರಲ್ಲೇ ಹೇಳಿದ್ದ ಮಾತು ಹೆಚ್ಚಿನವರ ಕಿವಿಗೆ ಬಿದ್ದದ್ದು, ಮೊಬೈಲಿಗೆ ಹೊಂದುವ ಪುಟಗಳಿಗೆ ಗೂಗಲ್ 2015ರ ಏಪ್ರಿಲ್ 21ರಿಂದ ಹುಡುಕಾಟದಲ್ಲಿ ಮೇಲ್ಮಣೆ ಹಾಕತೊಡಗಿದಾಗ.

ಅದೇ ವರ್ಷ ಬೆಂಗಳೂರಿನಲ್ಲಿ ಗಾಳಿ ಉಲ್ಟಾ ಬೀಸುತ್ತಿತ್ತು. ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ಸೈಟನ್ನು ಮುಚ್ಚಿ, ಬಂದವರನ್ನೆಲ್ಲ ಆ್ಯಪ್‌ ಕಡೆಗೆ ಕಳಿಸತೊಡಗಿತು. ಅದರದೇ ಒಡೆತನದ ಮಿಂತ್ರಾ ಮೇ ತಿಂಗಳಲ್ಲಿ ಕಂಪ್ಯೂಟರಿನ ಸೈಟಿಗೂ ಬೀಗ ಹಾಕಿತು. ಆ್ಯಪ್ ಇದ್ದರೆ ಗಿರಾಕಿ ಕೈಗೆಟುಕುವಂತಿರುತ್ತಾನೆ, ನೋಟಿಫಿಕೇಶನ್ ಕಳಿಸಬಹುದು ಎಂಬುದು ಲೆಕ್ಕ. ಫೋನಿನಲ್ಲಿ ಜಾಗವೇ ಇಲ್ಲದವರನ್ನು, ಒಂದೇ ಒಂದು ಅಂಗಿಗಾಗಿ ಬಂದವರನ್ನು ಆ ಲೆಕ್ಕ ಬಿಟ್ಟಿತ್ತು. ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ತನ್ನ ದಾರಿ ತಿದ್ದಿಕೊಂಡು, ಗೂಗಲ್‌ನ ಕ್ರೋಮ್ ತಂಡದ ಜತೆ ಕೂಡಿ ‘ಫ್ಲಿಪ್‌ಕಾರ್ಟ್ ಲೈಟ್’ ತಂದಿತು. ಬ್ರೌಸರಿನಲ್ಲೇ ತೆರೆಯುವ ಸೈಟು. ಆದರೆ ಮೊದಲ ಭೇಟಿಯಲ್ಲೇ ತನ್ನ ಚೌಕಟ್ಟನ್ನು ಫೋನಿನಲ್ಲಿ ಉಳಿಸಿ, ಮರುಭೇಟಿಯಲ್ಲಿ ಬೆಲೆ, ಚಿತ್ರಗಳಂಥ ಹೊಸ ಮಾಹಿತಿಯನ್ನಷ್ಟೇ ತರಿಸಿಕೊಳ್ಳುತ್ತದೆ. ಮುಖಪರದೆಗೆ ಐಕಾನ್ ಸೇರಿಸಿಕೊಳ್ಳಲೂ ಬರುತ್ತದೆ. ಗೂಗಲ್ ಪ್ರಕಟಿಸಿದ ವಿವರದ ಪ್ರಕಾರ, ಲೈಟ್‌ಗೆ ಬಂದವರಲ್ಲಿ ಶೇ. 63ರಷ್ಟು ಮಂದಿ 2ಜಿ ಜಾಲದವರು. ಐಕಾನ್ ಒತ್ತಿ ಬಂದವರಲ್ಲಿ ಖರೀದಿ ಶೇ. 70ರಷ್ಟು ಹೆಚ್ಚಿತ್ತು. ಅಂಕಿ ಕೊಟ್ಟವರು ಆ ತಂತ್ರಜ್ಞಾನವನ್ನು ಹರಡಬೇಕಿದ್ದವರೇ ಎಂಬುದನ್ನೂ ನೆನಪಿಡಬೇಕು. ಮಿಂತ್ರಾ 2016ರ ಜೂನ್ 1ರಂದು ಕಂಪ್ಯೂಟರಿನ ಸೈಟನ್ನೂ ಮತ್ತೆ ತೆರೆಯಿತು. ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂದು ಈಗ ಎಲ್ಲರೂ ಕರೆಯುವ ಈ ಬಗೆಯ ದೊಡ್ಡ ಮೊದಲ ಪರೀಕ್ಷೆಗಳಲ್ಲೊಂದು ನಡೆದದ್ದು ನಮ್ಮೂರಲ್ಲಿ.

ಕೈಯ ವಿಚಾರವೂ ಇಷ್ಟೇ ತಡ. ವಿನ್ಯಾಸಕಾರ ಸ್ಟೀವನ್ ಹೂಬರ್ 2013ರಲ್ಲಿ ಬೀದಿ, ಬಸ್ಸುಗಳಲ್ಲಿ ಫೋನ್ ಹಿಡಿದ 1,333 ಮಂದಿಯನ್ನು ಗಮನಿಸಿದಾಗ, ಪರದೆ ಮುಟ್ಟಿ ಬಳಸುತ್ತಿದ್ದವರಲ್ಲಿ ಶೇ. 49ರಷ್ಟು ಜನರಿಗೆ ಒಂದೇ ಕೈ ಸಾಕಾಗಿತ್ತು. ಹೆಬ್ಬೆರಳಿಗೆ ಎಟುಕುವ ಕಡೆ ಮುಖ್ಯ ಬಟನ್ ಇರಬೇಕು, ಪಿನ್‌ಕೋಡ್ ಕೇಳುವಾಗ ಅಂಕಿಗಳ ಕೀಬೋರ್ಡೇ ತೆರೆಯಬೇಕು. ಸಣ್ಣ ಸಂಗತಿಗಳೇ, ಆದರೆ ಗಿರಾಕಿ ಅರ್ಧಕ್ಕೆ ಬಿಟ್ಟುಹೋಗುವುದು ಇಂಥಲ್ಲೇ. ಯುಪಿಐ ಬಂದ ಮೇಲೆ ಕಾರ್ಡಿನ ಹದಿನಾರು ಅಂಕಿ ಕುಟ್ಟುವ ಕಷ್ಟ ತಪ್ಪಿದೆ. ಸೈಟಿನಿಂದ ನೇರ ಪಾವತಿ ಆ್ಯಪ್‌ಗೆ ಹೋಗಿ, ಪಿನ್ ಒತ್ತಿ ಮರಳಬಹುದು.

ಗೂಗಲ್ 2020ರಿಂದ ವೇಗಕ್ಕೂ ಅಳತೆಗೋಲು ಇಟ್ಟಿದೆ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಓದುತ್ತಿರುವಾಗ ಪುಟ ಜಿಗಿಯಬಾರದು. ಜಾಹೀರಾತು ನಡುವೆ ನುಸುಳಿ ಬೇರೆ ಬಟನ್ ಒತ್ತಿಸಿಕೊಂಡವರಿಗೆ ಎರಡನೆಯದರ ಬೆಲೆ ಗೊತ್ತು.

ಕನ್ನಡಕ್ಕೆ ಈ ಬೆಳವಣಿಗೆಯ ಪಾಲು ಪೂರ್ತಿ ದಕ್ಕಿಲ್ಲ. ಇಂಗ್ಲಿಷಿನ ಮೂರಕ್ಷರದ ಪದಕ್ಕೆ ಅಳೆದ ಬಟನ್ನಿನಲ್ಲಿ ‘ಪಾವತಿಸಿ’ ಇಕ್ಕಟ್ಟಾಗುತ್ತದೆ; ಸಾಲಿನ ಎತ್ತರ ಸಾಲದೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಸಣ್ಣ ವ್ಯಾಪಾರಿಗಳು ಅನೇಕರು ವೆಬ್‌ಸೈಟಿನ ಗೊಡವೆಯೇ ಬೇಡವೆಂದು, 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬ್ಯುಸಿನೆಸ್‌ನಲ್ಲಿ ಸೀರೆಯ ಫೋಟೊ ಹಾಕಿ, ದರ ಕೇಳಿದವರಿಗೆ ವಾಯ್ಸ್ ಮೆಸೇಜಿನಲ್ಲಿ ಉತ್ತರಿಸುತ್ತಾರೆ. ಬೇಗ ತೆರೆಯುತ್ತದೆ, ಒಂದೇ ಕೈ ಸಾಕು, ಕನ್ನಡವೂ ನಡೆಯುತ್ತದೆ. ಆದರೆ ನಂಬರು ಗೊತ್ತಿಲ್ಲದ ಹೊಸ ಗಿರಾಕಿಗೆ ಆ ಅಂಗಡಿಯ ಸೀರೆಗಳು ಗೂಗಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ.