ವಲಸೆ ಬಂದವರ ಅಂಗಡಿ

ಸಿಂಧನೂರಿನ ಸುತ್ತಮುತ್ತ ‘ಕ್ಯಾಂಪ್’ ಎಂಬ ಪದ ಗೊತ್ತಿಲ್ಲದ ಮಗುವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಕಟ್ಟಿಕೊಂಡ ಊರುಗಳು ಕ್ಯಾಂಪ್; ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಊರುಗಳೂ ಕ್ಯಾಂಪೇ. ಹೊಸ ನಾಡಿಗೆ ಬಂದವನಿಗೆ ಮೊದಲು ಬೇಕಾಗುವುದು ಅಕ್ಕಿ, ಎಣ್ಣೆ, ಉಪ್ಪು. ಕೈಯಲ್ಲಿ ಹಣವಿರುವುದಿಲ್ಲ, ಭಾಷೆ ಬಾರದು, ಜಾಮೀನು ನಿಲ್ಲುವವರಿಲ್ಲ. ಅಂಗಡಿಯವನು ಉದ್ರಿ ಕೊಟ್ಟರೆ ಅವನು ಬರೆದದ್ದೇ ಲೆಕ್ಕ. ಆ ಲೆಕ್ಕದ ಪುಸ್ತಕ ತಮ್ಮ ಕೈಯಲ್ಲೇ ಇರಲಿ ಎಂದು ವಲಸಿಗರು ಹಲವು ದೇಶಗಳಲ್ಲಿ ಸಹಕಾರಿ ಅಂಗಡಿಗಳನ್ನು ತೆರೆದಿದ್ದಾರೆ.

ಅಮೆರಿಕದಲ್ಲಿ ಇದಕ್ಕೆ ಹೆಸರಾದವರು ಫಿನ್ಲೆಂಡಿನಿಂದ ಹೋದ ಗಣಿ, ಗಿರಣಿ ಕಾರ್ಮಿಕರು. ಹಟ್ಟಿ ಗಣಿಯನ್ನು ಕಂಡ ಲಿಂಗಸುಗೂರಿನ ಓದುಗರಿಗೆ ಅವರ ಬದುಕನ್ನು ವಿವರಿಸಬೇಕಾಗಿಲ್ಲ. 1917ರಲ್ಲಿ ಅವರ ಅಂಗಡಿಗಳು ಒಂದಾಗಿ ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್ ಪಟ್ಟಣದಲ್ಲಿ ಸಗಟು ಖರೀದಿಯ ಸಂಸ್ಥೆಯೊಂದನ್ನು ಕಟ್ಟಿದವು. 1929ರಲ್ಲಿ ಕಮ್ಯುನಿಸ್ಟ್ ಪಕ್ಷವು ಸಂಸ್ಥೆಯಿಂದ ಹಣ ಕೇಳಿತು. ಸದಸ್ಯರು ಎರಡು ಪಾಲಾದರು. ಕೊನೆಗೆ ಕೊಡಬಾರದೆಂದವರೇ ಗೆದ್ದರು. ಅಂಗಡಿ ಯಾರದು ಎಂಬ ಪ್ರಶ್ನೆ ಎಲ್ಲ ಸಹಕಾರ ಸಂಘಗಳಲ್ಲೂ ಒಂದಲ್ಲ ಒಂದು ದಿನ ಏಳುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಬೈಲಕುಪ್ಪೆ. 1959ರ ನಂತರ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಆಗ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳು. ಚಳಿ ನಾಡಿನ ಜನ ಬಿಸಿಲಿನಲ್ಲಿ ಕಾಡು ಕಡಿದು ಹೊಲ ಮಾಡಿದರು. ಬೆಳೆ ಬಂದರೆ ಆನೆಗಳ ಕಾಟ. ಅಲ್ಲಿ ಬೆಳೆದ ಸಹಕಾರ ಸಂಘ ಬರಿಯ ಅಂಗಡಿಯಾಗಿ ಉಳಿಯಲಿಲ್ಲ. ಬೀಜ, ಗೊಬ್ಬರವನ್ನು ಸಾಲವಾಗಿ ಕೊಟ್ಟು, ಮೆಕ್ಕೆಜೋಳವನ್ನು ತಾನೇ ಕೊಂಡು, ಅದರಲ್ಲೇ ಸಾಲ ಮುರಿದುಕೊಂಡಿತು. ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ, ರತ್ನಗಂಬಳಿ ನೇಯ್ಗೆ ಎಲ್ಲವೂ ಸಂಘದ ಅಡಿಯಲ್ಲೇ ನಡೆದವು. ನಮ್ಮ ಕಡೆ ‘ಸೊಸೈಟಿ’ ಎಂದರೆ ರೇಷನ್ ಸಾಲು, ಯೂರಿಯಾ ಚೀಲ ಮಾತ್ರ ನೆನಪಾಗುತ್ತದೆ. ಆ ಪದಕ್ಕೆ ಇಷ್ಟು ಅರ್ಥವಿದೆ ಎಂಬುದನ್ನು ಅಲ್ಲಿ ನೋಡಬೇಕು.

ಟಿಬೆಟನ್ನರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆ ಕೆಲಸ ಮುಗಿಯುತ್ತ ಬಂದಂತೆ ಅದು ನಮ್ಮ ಹಳ್ಳಿಗಳ ಬಡವರತ್ತ ತಿರುಗಿ, ಅವರಲ್ಲೂ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. ಇಲ್ಲಿ ಲೆಕ್ಕ ತಪ್ಪಿತು. ಒಟ್ಟಿಗೆ ಬೆಟ್ಟ ಹತ್ತಿ ಬಂದ ನಿರಾಶ್ರಿತರಿಗೆ ಪರಸ್ಪರ ನಂಬಿಕೆ ಇತ್ತು. ಜಾತಿ, ಜಮೀನು, ಮುಖಂಡತನಗಳಲ್ಲಿ ಹಂಚಿಹೋದ ಹಳ್ಳಿಗೆ ಅದನ್ನು ಎಲ್ಲಿಂದ ತರುವುದು? ನನಗೆ ತೋರುವ ಕಾರಣ ಇದು. ಅಂತೂ 1984-85ರ ಹೊತ್ತಿಗೆ ಆ ದೊಡ್ಡ ಸಂಘಗಳು ಒಡೆದವು.

ಆದರೆ ಒಡೆದ ಸಂಘಗಳ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಾಲ ತೀರಿಸುತ್ತೇವೆ ಎಂದರು. ಹಳೆಯ ಸಂಘಕ್ಕೆ ಮಾತ್ರ ಕೊಡಲೊಲ್ಲರು. ಮೈರಾಡ ಒಂದು ಜಾಣ ಮಾತು ಹೇಳಿತು: ಆ ಹಣವನ್ನು ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ, ನಿಮ್ಮಲ್ಲೇ ಸಾಲ ಕೊಡಿ. ಸ್ವಸಹಾಯ ಸಂಘ ಹುಟ್ಟಿದ್ದು ಹೀಗೆ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೆರವು ನೀಡಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂದಿತು. ನೋಂದಣಿಯಿಲ್ಲದ ಗುಂಪಿಗೂ ಬ್ಯಾಂಕು ಸಾಲ ಕೊಡಬಹುದೆಂಬುದು ಆಗ ಹೊಸ ಮಾತು. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ಸಿಂಧನೂರು, ಮಸ್ಕಿ ಕಡೆಯ ಹಳ್ಳಿಗಳಲ್ಲೂ ಉಳಿತಾಯದ ಗುಂಪುಗಳು ಎದ್ದವು. ಅಂಗಡಿಯವನ ಖಾತೆಯಲ್ಲಿ ಗಂಡನ ಹೆಸರಿನ ಕೆಳಗೆ ಸಾಲವಾಗಿ ಮಾತ್ರ ಇರುತ್ತಿದ್ದ ಹೆಂಗಸರು ಈಗ ತಮ್ಮದೇ ಪುಸ್ತಕದಲ್ಲಿ ಸಾಲ ಕೊಟ್ಟವರೆಂದೂ ಬರೆಸಿಕೊಂಡರು.